ಸನ್‌ಸ್ಕ್ರೀನ್, ಛತ್ರಿ, ಖಾದಿ ಅಂಗಿ, ಚರ್ಮದ ತಪಾಸಣೆ: ಹುಬ್ಬಳ್ಳಿ-ಧಾರವಾಡದ ಬಿಸಿಲಿಗೆ ಯಾವುದಕ್ಕೆ ದುಡ್ಡು ಕೊಡಬೇಕು?

ಹುಬ್ಬಳ್ಳಿ ಇರುವುದು ಸುಮಾರು 15.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಸೂರ್ಯ ನಮ್ಮ ನೆತ್ತಿಯ ಮೇಲೆ ನೇರವಾಗಿ ನಿಲ್ಲುವುದು ವರ್ಷಕ್ಕೆ ಎರಡು ಸಲ: ಮೇ ತಿಂಗಳ ಮೊದಲ ವಾರದಲ್ಲೊಮ್ಮೆ, ಆಗಸ್ಟ್ ಎರಡನೇ ವಾರದ ಆಸುಪಾಸಿನಲ್ಲಿ ಇನ್ನೊಮ್ಮೆ. ಮೇ ಬಿಸಿಲಿಗೆ ಎಲ್ಲರೂ ಹೆದರುತ್ತಾರೆ. ಆಗಸ್ಟಿನಲ್ಲಿ ಧಾರವಾಡದ ಜಿಟಿಜಿಟಿ ಮಳೆ, ಮೋಡ, ತಂಪುಗಾಳಿ ಇರುವುದರಿಂದ ಬಿಸಿಲಿನ ನೆನಪೇ ಇರುವುದಿಲ್ಲ. ಆದರೆ ತೆಳು ಮೋಡ ಬಿಸಿಲಿನ ಕಾವನ್ನು ತಡೆದಷ್ಟು ಅತಿನೇರಳೆ ಕಿರಣವನ್ನು ತಡೆಯುವುದಿಲ್ಲ. ಮೈಗೆ ಸೆಕೆ ಆಗದಿದ್ದರೂ ಚರ್ಮಕ್ಕೆ ಪೆಟ್ಟು ಬೀಳುತ್ತಿರುತ್ತದೆ. ಅಳೆಯಲು ಯಂತ್ರ ಬೇಕಿಲ್ಲ, ನಿಮ್ಮ ನೆರಳು ನಿಮಗಿಂತ ಗಿಡ್ಡ ಇದ್ದರೆ ಕಿರಣ ಜೋರಾಗಿದೆ ಎಂದು ಲೆಕ್ಕ.

ಈ ಬಿಸಿಲಿಗೆಂದು ಕೊಪ್ಪಿಕರ ರಸ್ತೆಯ ಮೆಡಿಕಲ್ ಶಾಪಿನಿಂದ ದುರ್ಗದ ಬೈಲಿನ ಬಟ್ಟೆ ಅಂಗಡಿಯವರೆಗೆ ಸಿಗುವ ಸಾಮಾನುಗಳ, ಜೊತೆಗೆ ಚರ್ಮದ ಕ್ಯಾನ್ಸರಿನ ತಪಾಸಣೆ ಎಂಬ ಸೇವೆಯ ವಿಮರ್ಶೆ ಇದು. ನಮ್ಮ ಕಂದು ಚರ್ಮದವರಿಗೆ ಸನ್‌ಸ್ಕ್ರೀನ್ ಟ್ಯೂಬು ಮೂರನೇ ಸ್ಥಾನದ ಖರೀದಿ. ಮೊದಲ ಸ್ಥಾನ ಬಟ್ಟೆ-ಛತ್ರಿಗೆ, ಎರಡನೆಯದು ಅಂಗಾಲು, ಸೊಂಟ, ಹಳೆ ಸುಟ್ಟಗಾಯ ನೋಡಿಕೊಳ್ಳುವ ಅಭ್ಯಾಸಕ್ಕೆ. ಆದರೂ ಜನ ಮೊದಲು ಕೇಳುವುದು ಟ್ಯೂಬಿನ ಬಗ್ಗೆಯೇ. ಅಲ್ಲಿಂದಲೇ ಶುರು ಮಾಡೋಣ.

ಟ್ಯೂಬು

ಡಬ್ಬಿಯ ಮೇಲೆ ದೊಡ್ಡದಾಗಿ ಬರೆದ ಎಸ್‌ಪಿಎಫ್ ಸಂಖ್ಯೆ ಹೇಳುವುದು ಮುಖ್ಯವಾಗಿ ಯುವಿ-ಬಿ ಕಿರಣದ ಕಥೆ, ಅಂದರೆ ಚರ್ಮ ಸುಡುವ ಕಿರಣ. ಎಸ್‌ಪಿಎಫ್ 15 ಅದರಲ್ಲಿ ಸುಮಾರು ಶೇ. 93ರಷ್ಟನ್ನು ತಡೆದರೆ, 30 ಶೇ. 97ರಷ್ಟು, 50 ಶೇ. 98ರಷ್ಟು ತಡೆಯುತ್ತದೆ. 30ಕ್ಕೂ 50ಕ್ಕೂ ನಡುವೆ ಇಷ್ಟೇ ಅಂತರ. 100 ಎಂದು ಬರೆದದ್ದಕ್ಕೆ ಎರಡು ಪಟ್ಟು ಬೆಲೆ ಕೊಡುವ ಅಗತ್ಯ ಇಲ್ಲ. ನೋಡಬೇಕಾದದ್ದು ಪಕ್ಕದಲ್ಲಿ ಸಣ್ಣಕ್ಷರದಲ್ಲಿರುವ ಪಿಎ ಗುರುತನ್ನು. ಅದು ಜಪಾನಿನಿಂದ ಬಂದ ಪದ್ಧತಿ, ಯುವಿ-ಎ ಕಿರಣಕ್ಕೆ ಸಂಬಂಧಿಸಿದ್ದು. ಬಂಗು, ಕಪ್ಪುಕಲೆ, ಚರ್ಮ ಸಡಿಲಾಗುವುದು ಬಹುಪಾಲು ಇದರಿಂದಲೇ. ಒಂದು ಪ್ಲಸ್ ಎಂದರೆ ಕನಿಷ್ಠ, ನಾಲ್ಕು ಪ್ಲಸ್ ಎಂದರೆ ಗರಿಷ್ಠ. ಮೂರು ಪ್ಲಸ್‌ಗಿಂತ ಕಡಿಮೆ ಇದ್ದದ್ದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಯುವಿ-ಎ ಸಾದಾ ಗಾಜನ್ನೂ ದಾಟುತ್ತದೆ. ದಿನಾ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬಸ್ಸಿನಲ್ಲಿ ಓಡಾಡುವವರು ಒಂದೇ ಬದಿಯ ಕಿಟಕಿಗೆ ಅಂಟಿ ಕೂತರೆ ಆ ಬದಿಯ ಕೆನ್ನೆಗೆ ವರ್ಷಗಟ್ಟಲೆ ಅದು ಬೀಳುತ್ತಲೇ ಇರುತ್ತದೆ.

ಈಗ ಪ್ರಮಾಣ. ಹೆಚ್ಚಿನವರ ದುಡ್ಡು ನೀರುಪಾಲಾಗುವುದು ಇಲ್ಲೇ. ಪ್ರಯೋಗಾಲಯದಲ್ಲಿ ಎಸ್‌ಪಿಎಫ್ ಅಳೆಯುವಾಗ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚುತ್ತಾರೆ. ಮುಖ ಮತ್ತು ಕುತ್ತಿಗೆಯ ಮುಂಭಾಗ ಸುಮಾರು 600 ಚದರ ಸೆಂಟಿಮೀಟರ್ ಎಂದು ಹಿಡಿದರೆ 1.2 ಗ್ರಾಂ ಬೇಕು. ತೋರುಬೆರಳು, ನಡುಬೆರಳುಗಳ ಉದ್ದಕ್ಕೂ ಎಳೆದ ಎರಡು ಗೆರೆ ಎಂದು ವೈದ್ಯರು ಹೇಳುವುದು ಇದನ್ನೇ. ಟ್ಯೂಬಿನ ಬಾಯಿ ಸಣ್ಣದಿದ್ದರೆ ಗೆರೆ ದಪ್ಪವಾಗಿ ಎಳೆಯಬೇಕು. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಎಂದರೆ ದಿನಕ್ಕೆ 2.4 ಗ್ರಾಂ. 50 ಗ್ರಾಂ ಟ್ಯೂಬು ಮೂರು ವಾರಕ್ಕೆ ಖಾಲಿಯಾಗಬೇಕು. ₹ 500ರ ಟ್ಯೂಬಾದರೆ ತಿಂಗಳಿಗೆ ₹ 720, ಅದೂ ಬರೀ ಮುಖಕ್ಕೆ. ನಿಮ್ಮ ಟ್ಯೂಬಿನ ಮೇಲೆ ತೆರೆದ ದಿನಾಂಕವನ್ನು ಪೆನ್ನಿನಿಂದ ಬರೆದಿಡಿ. ಮೂರು ತಿಂಗಳು ಬಂದರೆ ನೀವು ಹಚ್ಚುತ್ತಿರುವುದು ಬೇಕಾದ್ದರ ಕಾಲುಭಾಗಕ್ಕಿಂತ ಕಡಿಮೆ. ಆಗ ಡಬ್ಬಿಯ ಮೇಲೆ 50 ಎಂದಿದ್ದರೂ ಮುಖದ ಮೇಲೆ ಇರುವುದು ಅದರ ಸಣ್ಣ ಪಾಲು ಮಾತ್ರ. ಬೆಲೆ ನೋಡಿ ಕೈ ಬಿಗಿ ಹಿಡಿಯುವಂಥ ದುಬಾರಿ ಟ್ಯೂಬಿಗಿಂತ ಧಾರಾಳವಾಗಿ ಹಚ್ಚಬಹುದಾದ ಅಗ್ಗದ ಟ್ಯೂಬು ಮೇಲು. ಕೊಳ್ಳುವಾಗ ಟ್ಯೂಬಿನ ಬೆಲೆ ಬಿಡಿ, ಗ್ರಾಮಿನ ಬೆಲೆ ಹೋಲಿಸಿ.

ಹಚ್ಚಿ 15-20 ನಿಮಿಷ ಬಿಟ್ಟು ಹೊರಡುವುದು, ಎರಡು ತಾಸಿಗೊಮ್ಮೆ ಮತ್ತೆ ಹಚ್ಚುವುದು. ಇದು ನಿಯಮ. ಕಚೇರಿಯ ಒಳಗೆ ಕೂತವರು ಎರಡು ತಾಸಿಗೊಮ್ಮೆ ಹಚ್ಚಬೇಕಿಲ್ಲ. ಮಧ್ಯಾಹ್ನ ಹೊರಬೀಳುವ ಮುನ್ನ ಹಚ್ಚಿದರೆ ಸಾಕು. ಬೆವರು ಒರೆಸಿಕೊಂಡವರು ಮಾತ್ರ ಗಡಿಯಾರ ನೋಡದೆ ಮತ್ತೆ ಹಚ್ಚಬೇಕು, ಕರವಸ್ತ್ರ ಅದನ್ನೂ ಒರೆಸಿರುತ್ತದೆ. ಮರೆಯುವ ಜಾಗಗಳು ಯಾವಾಗಲೂ ಅವೇ: ಕಿವಿಯ ಮೇಲ್ತುದಿ, ಕುತ್ತಿಗೆಯ ಹಿಂಭಾಗ, ಕೆಳತುಟಿ, ಬೈತಲೆ, ಚಪ್ಪಲಿ ಹಾಕಿದ ಪಾದದ ಮೇಲ್ಭಾಗ.

ಬಗೆಗಳ ಮಾತಿಗೆ ಬಂದರೆ, ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಇರುವವು ಚರ್ಮಕ್ಕೆ ಸೌಮ್ಯ, ಕಣ್ಣು ಉರಿಯುವುದೂ ಕಡಿಮೆ. ಆದರೆ ನಮ್ಮ ಬಣ್ಣದ ಮುಖಕ್ಕೆ ವಿಭೂತಿ ಬಳಿದಂತೆ ಕಾಣುತ್ತದೆ. ಬಿಳಿ ಕಾಣದಿರಲಿ ಎಂದು ತೆಳ್ಳಗೆ ತೀಡಿದರೆ ಹಚ್ಚಿದ್ದೇ ವ್ಯರ್ಥ. ಪೂರ್ತಿ ರಾಸಾಯನಿಕ ಫಿಲ್ಟರಿನವು ಜೆಲ್ ರೂಪದಲ್ಲಿ ಸಿಗುತ್ತವೆ, ಮಾಯವಾಗಿ ಕೂರುತ್ತವೆ. ಬೆವರಿನೊಡನೆ ಹಣೆಯಿಂದ ಕಣ್ಣಿಗೆ ಇಳಿದಾಗ ಉರಿಯುವುದು ಇವೇ. ಹಣೆ ಮತ್ತು ಕಣ್ಣಿನ ಸುತ್ತ ಜಿಂಕ್, ಉಳಿದ ಕಡೆ ಜೆಲ್ ಎಂದು ಹಂಚಿಕೊಂಡರೆ ಎರಡೂ ತಾಪತ್ರಯ ತಪ್ಪುತ್ತದೆ. ಬಂಗು ಇರುವವರಿಗೆ ಮೂರನೇ ಬಗೆ ಸೂಕ್ತ: ಐರನ್ ಆಕ್ಸೈಡ್ ಬೆರೆಸಿದ, ಚರ್ಮದ ಬಣ್ಣದ ಟಿಂಟೆಡ್ ಸನ್‌ಸ್ಕ್ರೀನ್. ಬಂಗನ್ನು ಕಣ್ಣಿಗೆ ಕಾಣುವ ಬೆಳಕು ಕೂಡ ಗಾಢ ಮಾಡುತ್ತದೆ, ಅದನ್ನು ತಡೆಯುವ ಶಕ್ತಿ ಐರನ್ ಆಕ್ಸೈಡಿಗೆ ಇದೆ, ಬಣ್ಣವಿಲ್ಲದ ಟ್ಯೂಬಿಗೆ ಅಷ್ಟಾಗಿ ಇಲ್ಲ. ಸ್ಪ್ರೇ ಬೇಡ. ಬೇಕಾದ ಪ್ರಮಾಣ ಮೈಮೇಲೆ ಬೀಳುವ ಮುನ್ನ ಅರ್ಧ ಗಾಳಿಗೆ ಹೋಗಿರುತ್ತದೆ.

ಟ್ಯೂಬನ್ನು ಸ್ಕೂಟರಿನ ಡಿಕ್ಕಿಯಲ್ಲಿ ಇಡಬಾರದು. ಏಪ್ರಿಲಿನ ಕಾವಿಗೆ ಎಣ್ಣೆ-ನೀರು ಬೇರೆಯಾಗಿ ಒಡೆದ ಹಾಲಿನಂತೆ ಆಗುತ್ತದೆ, ಅಂಥದ್ದು ಚರ್ಮದ ಮೇಲೆ ಸಮನಾಗಿ ಹರಡುವುದಿಲ್ಲ. ಆರು ತಿಂಗಳೊಳಗಿನ ಕೂಸಿಗೆ ಸನ್‌ಸ್ಕ್ರೀನ್ ಬೇಡ, ಬಟ್ಟೆ ಮತ್ತು ನೆರಳು ಸಾಕು. ಕೊಬ್ಬರಿ ಎಣ್ಣೆ ಚರ್ಮ ಒಣಗದಂತೆ ನೋಡಿಕೊಳ್ಳುತ್ತದೆಯೇ ಹೊರತು ಬಿಸಿಲಿಗೆ ಗುರಾಣಿ ಅಲ್ಲ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋಗುವುದಂತೂ ಅಪಾಯ. ನಿಂಬೆಯಲ್ಲಿರುವ ಅಂಶ ಬಿಸಿಲಿನೊಡನೆ ಸೇರಿ ಗುಳ್ಳೆ ಏಳಿಸಿ, ತಿಂಗಳುಗಟ್ಟಲೆ ಕಪ್ಪುಕಲೆ ಬಿಡುತ್ತದೆ.

ಬ್ಯಾಡಗಿ ಮೆಣಸಿನಕಾಯಿ ಆರಿಸುವ, ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು. ಮೆಣಸಿನ ಕೈಯಲ್ಲಿ ಟ್ಯೂಬು ಹಿಚುಕಿದರೆ ಮುಖವೆಲ್ಲ ಉರಿ. ಖಾರದ ಅಂಶ ನೀರಿಗೆ ಬಿಡುವುದಿಲ್ಲ, ಎಣ್ಣೆಗೆ ಬಿಡುತ್ತದೆ. ಮೊದಲು ಅಡುಗೆ ಎಣ್ಣೆ ತಿಕ್ಕಿ ಒರೆಸಿ, ಆಮೇಲೆ ಸಾಬೂನು ಹಚ್ಚಿ ತೊಳೆದು, ನಂತರ ಟ್ಯೂಬು ಮುಟ್ಟಬೇಕು. ಅದಕ್ಕಿಂತ ತಲೆಮೇಲಿನ ಸೆರಗನ್ನು ಕೆನ್ನೆ ಮುಚ್ಚುವಷ್ಟು ಮುಂದಕ್ಕೆ ಎಳೆದುಕೊಂಡರೆ ಟ್ಯೂಬಿನ ಗೊಡವೆಯೇ ಕಡಿಮೆ.

ಇಷ್ಟೆಲ್ಲ ಹೇಳಿದ ಮೇಲೂ ಕ್ಯಾನ್ಸರ್ ತಡೆಯ ದೃಷ್ಟಿಯಿಂದ ಟ್ಯೂಬಿಗೆ ಎಷ್ಟು ಅಂಕ? ಸನ್‌ಸ್ಕ್ರೀನ್ ಪರವಾದ ಬಲವಾದ ಪುರಾವೆ ಬಂದದ್ದು ಆಸ್ಟ್ರೇಲಿಯಾದ ನ್ಯಾಂಬೋರ್ ಎಂಬ ಊರಿನಿಂದ. 1992ರಲ್ಲಿ ಶುರುವಾದ ಆ ಪ್ರಯೋಗದಲ್ಲಿ ದಿನಾ ಹಚ್ಚಿದವರಲ್ಲಿ ಸ್ಕ್ವೇಮಸ್ ಎಂಬ ಬಗೆಯ ಚರ್ಮದ ಕ್ಯಾನ್ಸರ್ ಸುಮಾರು ಶೇ. 40ರಷ್ಟು ಕಡಿಮೆಯಾಯಿತು. ಅವರು ಬಹುಪಾಲು ಬಿಳಿ ಚರ್ಮದವರು. ನಮ್ಮ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಾನೇ ಒಂದಷ್ಟು ಕಾವಲು ಕಾಯುತ್ತದೆ. ಭಾರತದಲ್ಲಿ ಒಟ್ಟು ಕ್ಯಾನ್ಸರಿನಲ್ಲಿ ಚರ್ಮದ ಪಾಲು ತೀರ ಸಣ್ಣದು. ಹಾಗಾಗಿ ಸಾಧಾರಣ ಕಂದು ಚರ್ಮದವರಿಗೆ ಟ್ಯೂಬಿನ ಲಾಭ ಮುಖ್ಯವಾಗಿ ಬಂಗು, ಕಲೆ, ಸುಕ್ಕಿನ ಲೆಕ್ಕದಲ್ಲಿ. ಆದರೆ ಆಲ್ಬಿನಿಸಂ ಇರುವವರಿಗೆ, ಅಂದರೆ ಹುಟ್ಟಿನಿಂದಲೇ ಚರ್ಮ, ಕೂದಲು, ಕಣ್ಣಿಗೆ ಬಣ್ಣವಿಲ್ಲದವರಿಗೆ, ಇದು ಸೌಂದರ್ಯದ ಸಾಮಾನಲ್ಲ, ಔಷಧ. ಸೋದರಸಂಬಂಧದ ಮದುವೆ ರೂಢಿಯಲ್ಲಿರುವ ನಮ್ಮ ಭಾಗದಲ್ಲಿ ಇಂಥ ಮಕ್ಕಳು ಅಪರೂಪವೇನಲ್ಲ. ಅವರಿಗೆ ಎಸ್‌ಪಿಎಫ್ 50, ಉದ್ದ ತೋಳು, ಅಗಲ ಅಂಚಿನ ಟೋಪಿ, ಆರು ತಿಂಗಳಿಗೊಮ್ಮೆ ಚರ್ಮದ ವೈದ್ಯರ ಭೇಟಿ ನಾಲ್ಕೂ ತಪ್ಪಬಾರದು. ಕಿಡ್ನಿ ಕಸಿ ಮಾಡಿಸಿಕೊಂಡು ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುವವರದ್ದೂ ಇದೇ ಗುಂಪು.

ಕೌಂಟರಿನಲ್ಲಿ ಬೇಡ ಎನ್ನಬೇಕಾದದ್ದು

ಸನ್‌ಸ್ಕ್ರೀನ್ ಕೇಳಿದರೆ "ಅಕ್ಕಾರ, ಅದಕ್ಕಿಂತ ಇದು ಹಚ್ರಿ, ಒಂದ ವಾರದಾಗ ಮುಖ ತಿಳಿ ಆಕ್ಕತಿ" ಎಂದು ಸಣ್ಣ ಟ್ಯೂಬೊಂದನ್ನು ಮುಂದಿಡುವ ಕೌಂಟರುಗಳಿವೆ. ತಿರುಗಿಸಿ ಸಂಯೋಜನೆ ಓದಿ. ಬೆಟಮೆಥಸೋನ್, ಕ್ಲೋಬೆಟಸೋಲ್, ಮೊಮೆಟಸೋನ್ ಎಂದಿದ್ದರೆ ಅದು ಸ್ಟಿರಾಯ್ಡ್. ಮೊಮೆಟಸೋನ್ ಜೊತೆ ಹೈಡ್ರೋಕ್ವಿನೋನ್, ಟ್ರೆಟಿನೋಯಿನ್ ಸೇರಿದ ಮೂರರ ಮಿಶ್ರಣ ಬಂಗಿಗೆ ವೈದ್ಯರು ಕೆಲವೇ ವಾರಕ್ಕೆ ಬರೆಯುವ ಔಷಧ, ಪೌಡರಿನಂತೆ ದಿನಾ ಹಚ್ಚುವಂಥದ್ದಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಸ್ಟಿರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್ ಅಡಿ ತಂದಿತು. ಚೀಟಿ ಇಲ್ಲದೆ ಮಾರುವಂತಿಲ್ಲ. ಮಾರುವುದು ನಿಂತಿಲ್ಲ.

ಮೊದಲ ವಾರ ಮುಖ ಬೆಳ್ಳಗಾಗುವುದು ನಿಜ. ರಕ್ತನಾಳ ಕುಗ್ಗುತ್ತದೆ, ಬಣ್ಣದ ಕಣ ಕಡಿಮೆಯಾಗುತ್ತದೆ. ಆಮೇಲೆ ಚರ್ಮ ತೆಳ್ಳಗಾಗಿ ಕೆಂಪು ಎಳೆಗಳು ಕಾಣುತ್ತವೆ, ಮೊಡವೆ ಏಳುತ್ತದೆ, ಕೆನ್ನೆಯ ಮೇಲೆ ಕೂದಲು ಬರುತ್ತದೆ. ಬಿಸಿಲಿಗೆ ಬಿದ್ದ ಕೂಡಲೇ ಉರಿ, ಬಿಟ್ಟ ಮೂರನೇ ದಿನಕ್ಕೆ ಮುಖ ಊದಿ ಕೆಂಪಾಗುವುದು, ಆ ಭಯಕ್ಕೆ ಮತ್ತೆ ಹಚ್ಚುವುದು. ಗಜಕರ್ಣದ ಮೇಲೆ ಹಚ್ಚಿದರೆ ತುರಿಕೆ ನಿಂತು ಶಿಲೀಂಧ್ರ ಒಳಗೊಳಗೇ ಹಬ್ಬುತ್ತದೆ. ಕ್ಯಾನ್ಸರಿನ ಮಾತಿಗೆ ಬಂದರೆ ಇನ್ನೊಂದು ಕೆಡುಕು ಇದೆ. ವಾಸಿಯಾಗದ ಗಾಯದ ಮೇಲೆ ಸ್ಟಿರಾಯ್ಡ್ ಬಿದ್ದರೆ ಕೆಂಪು, ತುರಿಕೆ ಮರೆಯಾಗಿ, ತೋರಿಸಬೇಕಾದ ತಿಂಗಳುಗಳು ಕಳೆದುಹೋಗುತ್ತವೆ. ತಿಂಗಳುಗಟ್ಟಲೆ ಹಚ್ಚಿದವರು ಒಮ್ಮೆಲೇ ಬಿಡದೆ ಚರ್ಮದ ವೈದ್ಯರನ್ನು ಕಂಡು ಹಂತಹಂತವಾಗಿ ಇಳಿಸಬೇಕು. ತಯಾರಕರ ಹೆಸರು, ಲೈಸೆನ್ಸ್ ನಂಬರು, ಬ್ಯಾಚ್ ನಂಬರು ಇಲ್ಲದ ಬಿಳಿಮಾಡುವ ಕ್ರೀಮಿನಲ್ಲಿ ಪಾದರಸ ಇರುವ ಸಂಭವ ಇದೆ. ಅದು ಚರ್ಮದ ಮೂಲಕ ಕಿಡ್ನಿಗೆ ಇಳಿಯುತ್ತದೆ.

ಈ ಸಾಲಿಗೆ ಶೂನ್ಯ ಅಂಕ.

ಬಟ್ಟೆ, ಛತ್ರಿ, ಹೆಲ್ಮೆಟ್

ಬೆಂಗೇರಿಯಲ್ಲಿ ರಾಷ್ಟ್ರಧ್ವಜ ತಯಾರಿಸುವ ಊರಿನವರಿಗೆ ಖಾದಿಯ ಗುಣ ಹೇಳಿಕೊಡಬೇಕಿಲ್ಲ. ಬಿಸಿಲು ತಡೆಯುವುದು ಬಟ್ಟೆಯ ಜಾತಿಗಿಂತ ನೇಯ್ಗೆಯ ದಟ್ಟಣೆ. ಅಂಗಡಿಯಲ್ಲೇ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ಹಿಂದಿನ ಬೆರಳು ಕಂಡರೆ ಕಿರಣವೂ ದಾಟುತ್ತದೆ. ದಪ್ಪ ಖಾದಿಯ, ಗಾಢ ಬಣ್ಣದ ತುಂಬುತೋಳಿನ ಅಂಗಿ ಒಳ್ಳೆಯ ಖರೀದಿ. ಬೆವರು ಹೀರುತ್ತದೆ, ಗಾಳಿಯಾಡುತ್ತದೆ, ವರ್ಷಗಟ್ಟಲೆ ಬರುತ್ತದೆ, ಎರಡು ತಾಸಿಗೊಮ್ಮೆ ಮತ್ತೆ ಹಚ್ಚಬೇಕಿಲ್ಲ. ತೆಳು ಬಿಳಿ ಹತ್ತಿ ತಂಪೆನಿಸಿದರೂ ತಡೆ ಕಡಿಮೆ, ಬೆವರಿಗೆ ಒದ್ದೆಯಾದಾಗ ಇನ್ನೂ ಕಡಿಮೆ. ಹೊಸ ಬಟ್ಟೆ ಒಂದೆರಡು ಒಗೆತಕ್ಕೆ ಕುಗ್ಗಿ ನೇಯ್ಗೆ ಬಿಗಿಯಾಗುವುದು ಇಲ್ಲಿ ಲಾಭವೇ.

ಗಾಡಿ ಓಡಿಸುವವರಿಗಾಗಿ ರಸ್ತೆಬದಿ ನೇತುಹಾಕಿ ಮಾರುವ ತೋಳಚೀಲ ಅಡ್ಡಿಯಿಲ್ಲ, ಆದರೆ ಅಳತೆ ಸರಿಯಿರಬೇಕು. ದಪ್ಪ ತೋಳಿಗೆ ಸಣ್ಣದನ್ನು ಎಳೆದು ಹಾಕಿದರೆ ಎಳೆ ಬಿಚ್ಚಿಕೊಂಡು ಜರಡಿಯಾಗುತ್ತದೆ. ಹೆಲ್ಮೆಟಿನ ಮುಂಗಾಜು ಪಾಲಿಕಾರ್ಬೊನೇಟ್ ಆಗಿದ್ದರೆ ಅತಿನೇರಳೆ ಕಿರಣವನ್ನು ಬಹುಪಾಲು ಹೀರಿಕೊಳ್ಳುತ್ತದೆ. ಅದನ್ನು ಮೇಲೆತ್ತಿ ಓಡಿಸುವುದು ಮೂರ್ಖತನ, ಧೂಳಿನ ಕಾರಣಕ್ಕೂ. ಕಪ್ಪು ಛತ್ರಿ ಹತ್ತಿರಹತ್ತಿರ ಶೇ. 90 ಅಥವಾ ಹೆಚ್ಚು ತಡೆಯುತ್ತದೆ. ಮಳೆಗಾಲದ ಛತ್ರಿಯನ್ನು ಬೇಸಿಗೆಯಲ್ಲಿ ಅಟ್ಟಕ್ಕೆ ಹಾಕದಿದ್ದರೆ ಸಾಕು, ಹೊಸದು ಬೇಡ. ಮುಂದೆ ಮಾತ್ರ ಅಂಚಿರುವ ಕ್ರಿಕೆಟ್ ಟೋಪಿ ಕಿವಿ, ಕುತ್ತಿಗೆ ಬಿಟ್ಟುಬಿಡುತ್ತದೆ. ಗಾಂಧಿ ಟೋಪಿಯದ್ದೂ ಅದೇ ಕಥೆ. ಹೊಲದ ಕೆಲಸಕ್ಕೆ ಕಿವಿ ಮುಚ್ಚಿ ಸುತ್ತಿ, ಒಂದು ತುದಿಯನ್ನು ಕುತ್ತಿಗೆಯ ಹಿಂದೆ ಇಳಿಬಿಟ್ಟ ರುಮಾಲು ಇವೆರಡಕ್ಕಿಂತ ಮೇಲು.

ರೈತರು ಬಿಸಿಲಿನ ಅಲರ್ಜಿ ಎಂದು ಸನ್‌ಸ್ಕ್ರೀನ್ ಕೇಳುವ ಎಷ್ಟೋ ಪ್ರಸಂಗಗಳಲ್ಲಿ ಅಪರಾಧಿ ಕಾಂಗ್ರೆಸ್ ಕಸ. ಪಾರ್ಥೇನಿಯಂ ಪುಡಿ ಗಾಳಿಯಲ್ಲಿ ಬಂದು ಮುಖ, ಕುತ್ತಿಗೆ, ಮೊಳಕೈಯ ಮಡಿಕೆಯಲ್ಲಿ ಕೂರುತ್ತದೆ. ಬಿಸಿಲು ಅದನ್ನು ಇನ್ನೂ ಕೆರಳಿಸುತ್ತದೆ. ಗುರುತು ಹೀಗೆ: ಬರೀ ಬಿಸಿಲಿನ ತೊಂದರೆ ಕಣ್ಣರೆಪ್ಪೆಯ ಮೇಲೆ, ಗದ್ದದ ಕೆಳಗೆ, ಕಿವಿಯ ಹಿಂದೆ ಕಡಿಮೆ, ಯಾಕೆಂದರೆ ಅಲ್ಲಿ ನೆರಳು. ಕಸದ ತೊಂದರೆ ಅಲ್ಲೂ ಬರುತ್ತದೆ. ಇದಕ್ಕೆ ಟ್ಯೂಬು ಕೆಲಸ ಮಾಡುವುದಿಲ್ಲ. ಹೊಲದಿಂದ ಬಂದ ಕೂಡಲೇ ಸ್ನಾನ, ಬಟ್ಟೆ ಬೇರೆ ಒಗೆತ, ಚರ್ಮದ ವೈದ್ಯರಲ್ಲಿ ಪ್ಯಾಚ್ ಟೆಸ್ಟ್ (ಯಾವುದರ ಅಲರ್ಜಿ ಎಂದು ಬೆನ್ನಿಗೆ ಪಟ್ಟಿ ಅಂಟಿಸಿ ನೋಡುವ ಪರೀಕ್ಷೆ).

ಪರಕರದ ಲಾಡಿ

ಚರ್ಮದ ಕ್ಯಾನ್ಸರ್ ವಿಮರ್ಶೆಯಲ್ಲಿ ಲಂಗದ ದಾರ ಯಾಕೆ ಬಂತು ಎಂದು ಹುಬ್ಬೇರಿಸಬೇಡಿ. ಧೋತರ ಬಿಗಿದು ಕಟ್ಟುವ ಸೊಂಟದಲ್ಲಿ ಬರುವ ಕ್ಯಾನ್ಸರನ್ನು 1945ರಲ್ಲೇ ಮುಂಬೈನ ಖಾನೋಲ್ಕರ್ ಮತ್ತು ಸೂರ್ಯಾಬಾಯಿ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಿಸಿದ್ದರು. ಸೀರೆ ಉಡುವ ಹೆಂಗಸರಲ್ಲೂ ಇದೇ ಬಗೆಯ ಪ್ರಕರಣಗಳು ಆಮೇಲೆ ವರದಿಯಾದವು. ಅಪರೂಪ, ಆದರೆ ಇದು ಬಿಸಿಲಿಗೆ ಸಂಬಂಧವೇ ಇಲ್ಲದ ಕ್ಯಾನ್ಸರ್. ತೆಳು ದಾರ ಹತ್ತಾರು ವರ್ಷ ಒಂದೇ ಗೆರೆಯಲ್ಲಿ ಉಜ್ಜಿ, ಬೆವರು ನಿಂತು, ಚರ್ಮ ಕಪ್ಪಾಗಿ, ದಪ್ಪಗಾಗಿ, ಬಿರಿದು, ವಾಸಿಯಾಗದ ಹುಣ್ಣಾಗಿ, ಕೊನೆಗೆ ಎಲ್ಲೋ ಒಬ್ಬರಲ್ಲಿ ಸ್ಕ್ವೇಮಸ್ ಕ್ಯಾನ್ಸರಾಗುತ್ತದೆ.

ಪರಿಹಾರ ಈ ಇಡೀ ವಿಮರ್ಶೆಯಲ್ಲೇ ಅತಿ ಅಗ್ಗ. ದಾರದ ಪರಕರ ಬಿಟ್ಟು ಎರಡರಿಂದ ಮೂರು ಇಂಚು ಅಗಲದ ಹತ್ತಿ ಪಟ್ಟಿ ಇರುವುದನ್ನು ಹೊಲಿಸಿ. ಗುಂಡಗೆ ಹೆಣೆದ ನೈಲಾನ್ ಲಾಡಿ ಬೇಡ, ಚಪ್ಪಟೆ ಹತ್ತಿ ಲಾಡಿ ಇರಲಿ. ಗಂಟನ್ನು ಒಂದು ದಿನ ಎಡಕ್ಕೆ, ಒಂದು ದಿನ ಬಲಕ್ಕೆ, ಅರ್ಧ ಇಂಚು ಮೇಲೆ-ಕೆಳಗೆ ಮಾಡಿ ಕಟ್ಟಿ, ಮನೆಗೆ ಬಂದ ಕೂಡಲೇ ಸಡಿಲಿಸಿ. ಸೊಂಟದ ಗೆರೆ ಬರೀ ಕಪ್ಪಾಗಿದ್ದರೆ ಹೆದರಬೇಕಿಲ್ಲ. ಬಿರುಕು ಅಥವಾ ಹುಣ್ಣು ಲಾಡಿ ಸಡಿಲಿಸಿದ ಮೇಲೂ ನಾಲ್ಕು ವಾರ ನಿಂತರೆ ತೋರಿಸಬೇಕು.

ತಪಾಸಣೆ ಎಂಬ ಸೇವೆ

ಮೈಯೆಲ್ಲ ಸ್ಕ್ಯಾನ್ ಮಾಡಿ ಕ್ಯಾನ್ಸರ್ ಪತ್ತೆ ಹಚ್ಚುವ ಪ್ಯಾಕೇಜುಗಳ ಜಾಹೀರಾತು ಬಂದರೆ, ಯಾವ ತೊಂದರೆಯೂ ಇಲ್ಲದ ಸಾಧಾರಣ ಚರ್ಮದವರು ಅದಕ್ಕೆ ದುಡ್ಡು ಹಾಕಬೇಕಿಲ್ಲ. ಬಿಳಿ ಚರ್ಮದವರೇ ಹೆಚ್ಚಿರುವ ಅಮೆರಿಕದಲ್ಲೂ ಅಲ್ಲಿಯ ತಜ್ಞರ ಸಮಿತಿ 2023ರಲ್ಲಿ, ಲಕ್ಷಣ ಇಲ್ಲದ ಎಲ್ಲರಿಗೂ ಇಂಥ ತಪಾಸಣೆ ಮಾಡಿಸಿ ಎನ್ನಲು ಸಾಕಷ್ಟು ಪುರಾವೆ ಇಲ್ಲ ಎಂದಿತು. ತಿಂಗಳಿಗೊಮ್ಮೆ ಸ್ನಾನವಾದ ಮೇಲೆ, ಒಳ್ಳೆಯ ಬೆಳಕಿನಲ್ಲಿ, ಒಂದು ಕೈಗನ್ನಡಿ ಹಿಡಿದು ಹತ್ತು ನಿಮಿಷ ನೋಡಿಕೊಂಡರೆ ಹೆಚ್ಚು ಪ್ರಯೋಜನ.

ಆದರೆ ಎಲ್ಲಿ ನೋಡಬೇಕೆಂಬುದು ಗೊತ್ತಿರಬೇಕು. ಕಂದು ಚರ್ಮದವರಲ್ಲಿ ಮೆಲನೋಮ, ಅಂದರೆ ಚರ್ಮದ ಬಣ್ಣದ ಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್, ಹೆಚ್ಚಾಗಿ ಕಾಣಿಸುವುದು ಬಿಸಿಲೇ ಬೀಳದ ಅಂಗಾಲು, ಅಂಗೈ, ಉಗುರಿನ ಬುಡದಲ್ಲಿ. ಅಂಗಾಲಿನ ಕಪ್ಪು ಮಚ್ಚೆ ಒಂದು ಬದಿಗೆ ಹರಡುತ್ತಿದ್ದರೆ, ಅಂಚು ವಕ್ರವಾಗಿದ್ದರೆ, ಒಂದೇ ಮಚ್ಚೆಯಲ್ಲಿ ಎರಡು-ಮೂರು ಬಣ್ಣ ಇದ್ದರೆ, 6 ಮಿಲಿಮೀಟರಿಗಿಂತ ದೊಡ್ಡದಾಗಿದ್ದರೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತಿದ್ದರೆ ತೋರಿಸಿ. ಆಣಿ ಎಂದುಕೊಂಡು ಔಷಧಪಟ್ಟಿ ಅಂಟಿಸುತ್ತ ಕೂರುವುದು ಇಲ್ಲಿ ಪದೇಪದೇ ಆಗುವ ತಪ್ಪು. ಪಟ್ಟಿ ಹಾಕಿ ಒಂದು ತಿಂಗಳಾದರೂ ಹೋಗದ, ರಕ್ತ ಬರುವ ಆಣಿ ಆಣಿಯಲ್ಲ ಎಂದು ಹಿಡಿಯಿರಿ.

ಉಗುರಿನ ಕಪ್ಪಿಗೆ ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಇದೆ. ಪಕ್ಕದಲ್ಲಿ ಸ್ಕೇಲು ಇಟ್ಟು ಫೋಟೊ ತೆಗೆಯಿರಿ. ಕಲ್ಲಿಗೆ ಎಡವಿ ರಕ್ತ ಹೆಪ್ಪುಗಟ್ಟಿದ್ದಾದರೆ ಉಗುರಿನೊಡನೆ ಮುಂದೆ ಸರಿಯುತ್ತದೆ, ಬುಡದಲ್ಲಿ ಸ್ವಚ್ಛ ಉಗುರು ಕಾಣುತ್ತದೆ. ಕಾಲುಗುರು ತಿಂಗಳಿಗೆ ಬೆಳೆಯುವುದು ಒಂದೂವರೆ ಮಿಲಿಮೀಟರ್ ಅಷ್ಟೇ, ಎರಡು ತಿಂಗಳು ಬಿಟ್ಟು ಮತ್ತೆ ಹೋಲಿಸಿ. ಬುಡದಿಂದ ತುದಿಯವರೆಗೆ ಉದ್ದ ಗೆರೆಯಾಗಿ ನಿಂತಿದ್ದು, ಒಂದೇ ಉಗುರಿನಲ್ಲಿದ್ದು, 3 ಮಿಲಿಮೀಟರಿಗಿಂತ ಅಗಲವಾಗುತ್ತಿದ್ದರೆ, ಅಥವಾ ಕಪ್ಪು ಉಗುರು ದಾಟಿ ಪಕ್ಕದ ಚರ್ಮಕ್ಕೆ ಹರಡಿದ್ದರೆ ಎರಡು ತಿಂಗಳು ಕಾಯಬೇಡಿ. ನಾಲ್ಕೈದು ಬೆರಳಿನಲ್ಲಿ ತೆಳು ಗೆರೆಗಳಿರುವುದು ನಮ್ಮ ಚರ್ಮದವರಲ್ಲಿ ಬಹುಮಟ್ಟಿಗೆ ಸಹಜ. ಬೆಂಕಿ ತಗುಲಿ ಹತ್ತಿಪ್ಪತ್ತು ವರ್ಷದ ಹಿಂದೆ ಆದ ಕಲೆಯಲ್ಲಿ ಹೊಸದಾಗಿ ಹುಣ್ಣು ಎದ್ದರೆ, ಕಾಲಿನ ಹಳೆ ವ್ರಣದ ಅಂಚು ಗಟ್ಟಿಯಾಗಿ ಹೂಕೋಸಿನಂತೆ ಬೆಳೆದರೆ ಅದೂ ಬಯಾಪ್ಸಿಗೆ, ಅಂದರೆ ತುಂಡು ತೆಗೆದು ನೋಡುವ ಪರೀಕ್ಷೆಗೆ, ಹೋಗಬೇಕಾದದ್ದೇ.

ಹುಬ್ಬಳ್ಳಿಯಲ್ಲಿ ಜನ ಇನ್ನೂ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ಆಸ್ಪತ್ರೆ, ಸತ್ತೂರಿನ ಎಸ್‌ಡಿಎಂ, ಗದಗಿನ ಜಿಮ್ಸ್‌ಗಳಂಥ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋದರೆ ಒಂದು ಅನುಕೂಲ: ಚರ್ಮರೋಗ, ಶಸ್ತ್ರಚಿಕಿತ್ಸೆ, ತೆಗೆದ ತುಂಡು ಪರೀಕ್ಷಿಸುವ ಪೆಥಾಲಜಿ ಒಂದೇ ಆವರಣದಲ್ಲಿ ಸಿಗುತ್ತವೆ. ಸರತಿ ಉದ್ದ ಇರುತ್ತದೆ, ಬೆಳಿಗ್ಗೆಯೇ ಚೀಟಿ ಮಾಡಿಸಿ. ಖಾಸಗಿ ಕ್ಲಿನಿಕ್ಕಾದರೆ ಮೊದಲೇ ಫೋನಿನಲ್ಲಿ ಎರಡು ಪ್ರಶ್ನೆ ಕೇಳಿ: ಡರ್ಮೋಸ್ಕೋಪ್ ಇದೆಯೇ, ತೆಗೆದ ತುಂಡನ್ನು ಪೆಥಾಲಜಿಗೆ ಕಳಿಸುತ್ತೀರೋ. ಡರ್ಮೋಸ್ಕೋಪ್ ಎಂದರೆ ಚರ್ಮದ ಮೇಲೆ ಇಟ್ಟು ನೋಡುವ, ಹತ್ತು ಪಟ್ಟು ಹಿಗ್ಗಿಸುವ ಬೆಳಕಿನ ಮಸೂರ. ನೋವಿಲ್ಲ, ಎರಡು ನಿಮಿಷದ ಕೆಲಸ. ಹೋಗುವಾಗ ಉಗುರುಬಣ್ಣ ಅಳಿಸಿ, ಅಂಗಾಲಿಗೆ ಮೆಹಂದಿ ಹಚ್ಚಿರಬಾರದು, ಕಾಲುಂಗುರ ತೆಗೆಯಲು ಬರುವಂತಿರಲಿ. ಹಚ್ಚುತ್ತಿರುವ ಎಲ್ಲ ಟ್ಯೂಬುಗಳನ್ನೂ ಚೀಲದಲ್ಲಿ ಒಯ್ಯಿರಿ. ವೈದ್ಯರು ಅಂಗಾಲು ನೋಡದೆ ಮುಗಿಸಿದರೆ ನೀವೇ ಚಪ್ಪಲಿ ಬಿಚ್ಚಿ ತೋರಿಸಿ, ಸಂಕೋಚ ಬೇಡ.

ಸಂಶಯದ ಮಚ್ಚೆಯನ್ನು ಬ್ಯೂಟಿ ಪಾರ್ಲರಿನಲ್ಲಿ ಸುಡಿಸುವುದು, ಸುಣ್ಣ-ಸೋಡಾ ಹಚ್ಚುವುದು, ಕುದುರೆಕೂದಲು ಬಿಗಿಯುವುದು ಮೂರೂ ಬೇಡ. ಮೇಲಿನದು ಹೋಗಿ ಬುಡ ಉಳಿಯುತ್ತದೆ, ಪರೀಕ್ಷೆಗೆ ತುಂಡೂ ಸಿಗುವುದಿಲ್ಲ. ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಹಬ್ಬುತ್ತದೆ ಎಂಬ ಮಾತಿಗೆ ಆಧಾರ ಇಲ್ಲ. ಮರಗಟ್ಟುವ ಇಂಜೆಕ್ಷನ್ ಚುಚ್ಚುವಾಗಿನ ಉರಿ ಬಿಟ್ಟರೆ, 3-4 ಮಿಲಿಮೀಟರಿನ ಪಂಚ್ ಬಯಾಪ್ಸಿಗೆ ಒಂದೆರಡು ಹೊಲಿಗೆ ಸಾಕು. ಮೆಲನೋಮದ ಸಂಶಯ ಇದ್ದರೆ, ಸಾಧ್ಯವಾದ ಕಡೆಯೆಲ್ಲ, ತುಂಡು ಕಚ್ಚುವ ಬದಲು ಇಡೀ ಮಚ್ಚೆಯನ್ನು ಸಣ್ಣ ಅಂಚಿನೊಡನೆ ತೆಗೆಯುತ್ತಾರೆ, ಎಷ್ಟು ಆಳಕ್ಕೆ ಇಳಿದಿದೆ ಎಂಬುದರ ಮೇಲೆಯೇ ಮುಂದಿನ ಚಿಕಿತ್ಸೆ ನಿಂತಿರುವುದರಿಂದ.

ತುಂಡು ಅದನ್ನು ಕೆಡದಂತೆ ಇಡುವ ಫಾರ್ಮಲಿನ್ ದ್ರವದ ಶೀಶೆಯಲ್ಲಿ ಹೋಗಬೇಕು, ಸಲೈನಿನಲ್ಲಿ ಅಲ್ಲ. ಶೀಶೆಯ ಮೇಲೆ ಹೆಸರು, ಜಾಗ, ಎಡ-ಬಲ ಬರೆದಿದ್ದಾರೋ ನೋಡಿ. ವರದಿ ಬರಲು ಸಾಮಾನ್ಯವಾಗಿ ಒಂದು ವಾರ. ಫೋನಿನಲ್ಲಿ ಏನೂ ಇಲ್ಲ ಎಂದು ಕೇಳಿಸಿಕೊಂಡು ಸುಮ್ಮನಾಗದೆ ಕಾಗದದ ಪ್ರತಿ ತಂದಿಡಿ. ಮುಂದೆ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ ಬೆಂಗಳೂರಿಗೋ ಹೋಗಬೇಕಾಗಿ ಬಂದರೆ ಅಲ್ಲಿ ಮೊದಲು ಕೇಳುವುದು ಮೇಣದಲ್ಲಿ ಕೂರಿಸಿದ ಆ ತುಂಡಿನ ಬ್ಲಾಕನ್ನೇ. ಅದು ಲ್ಯಾಬಿನಲ್ಲಿ ಇರುತ್ತದೆ, ವರದಿಯ ಮೇಲಿನ ನಂಬರು ತೋರಿಸಿದರೆ ಕೊಡುತ್ತಾರೆ.